ಮೊದಲ ಹಿಮಕ್ಕೆ ಕಾದ ತರಗತಿ: ನವಾಹೊ ನಾಡಿನ ಒಂದು ಹೈಸ್ಕೂಲು, ಒಬ್ಬ ಗಣಿತದ ಟೀಚರ್, ಮೂರು ವರ್ಷ

ಇದು ಒಂದೇ ಶಾಲೆಯ, ಕೋಡಿಂಗ್ ಕಲಿಸಲು ಕಲಿತ ಒಬ್ಬರೇ ಟೀಚರ್ ಅವರ ಪ್ರಕರಣ. ಶಾಲೆಯ ಹೆಸರು, ಊರು, ಜನರ ಹೆಸರು ಕೊಟ್ಟಿಲ್ಲ. ಗುರುತು ಹತ್ತಬಹುದಾದ ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ. ಯಾವ ಹೊತ್ತಿಗೆ ಯಾರು ಏನು ತೀರ್ಮಾನ ಮಾಡಿದರು ಎಂಬುದನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ಊರಿನಲ್ಲಿ ಸರ್ಕಾರಿ ಶಾಲೆಗಳಿಗೆ, ಆಶ್ರಮ ಶಾಲೆಗಳಿಗೆ ಕೋಡಿಂಗ್ ಕಲಿಸಲು ಹೋಗುವ ಗೆಳೆಯರು "ಅಲ್ಲಿ ಹೇಗೆ ಮಾಡಿದಿರಿ?" ಎಂದು ಕೇಳುತ್ತಿರುತ್ತಾರೆ. ಅವರಿಗಾಗಿ ಇದು.

ಹಿನ್ನೆಲೆ

ನವಾಹೊ ಎಂಬ ಮೂಲನಿವಾಸಿ ಜನರ ಸ್ವಾಡಳಿತದ ನಾಡಾದ ನವಾಹೊ ರಾಷ್ಟ್ರ ಅಮೆರಿಕದ ಅರಿಝೋನಾ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳಲ್ಲಿ ಹರಡಿಕೊಂಡಿದೆ. ಸುಮಾರು 70,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ಅಲ್ಲಿನವರು ತಮ್ಮನ್ನು ಡಿನೇ ಎಂದು ಕರೆದುಕೊಳ್ಳುತ್ತಾರೆ. ಅವರದೇ ಸರ್ಕಾರ, ಅವರದೇ ಕೋರ್ಟು, ಅವರದೇ ಪೊಲೀಸು.

ಆ ನೆಲದಲ್ಲಿ ಶಾಲೆ ಎಂಬ ಮಾತಿಗೇ ಒಂದು ಹಳೆಯ ಗಾಯವಿದೆ. 1864ರಲ್ಲಿ ಅಮೆರಿಕದ ಸೈನ್ಯ ಆ ಜನರನ್ನು ಊರು ಬಿಡಿಸಿ, ನೂರಾರು ಮೈಲಿ ನಡೆಸಿ, ದೂರದ ಬಯಲಿನಲ್ಲಿ ಕೂಡಿಹಾಕಿತ್ತು. 1868ರ ಒಪ್ಪಂದವಾದ ಮೇಲೆ ಅವರು ಮರಳಿದರು. ಅದರ ಆರನೇ ವಿಧಿಯಲ್ಲಿ 6ರಿಂದ 16 ವರ್ಷದೊಳಗಿನ ಪ್ರತಿ 30 ಮಕ್ಕಳಿಗೆ ಒಂದು ಶಾಲೆಮನೆ, ಒಬ್ಬ ಟೀಚರ್ ಕೊಡುತ್ತೇವೆ ಎಂಬ ಮಾತಿದೆ. ಮಕ್ಕಳನ್ನು ಒಲಿಸಿಯೋ ಬಲವಂತದಿಂದಲೋ ಕರೆತರುವ ಮಾತೂ ಅದರಲ್ಲೇ ಇದೆ. ಬಂದದ್ದು ಬಲವಂತ. ವಸತಿ ಶಾಲೆಗಳಲ್ಲಿ ಮಕ್ಕಳ ಕೂದಲು ಕತ್ತರಿಸಿದರು. ತಾಯಿನುಡಿ ಆಡಿದವರಿಗೆ ಶಿಕ್ಷೆ ಕೊಟ್ಟರು. ಶಿಕ್ಷಣದ ಮೇಲಿನ ತನ್ನ ಹಕ್ಕನ್ನು ನವಾಹೊ ಕೌನ್ಸಿಲ್ ಕಾನೂನಾಗಿ ಬರೆದದ್ದು 2005ರಲ್ಲಿ. "ನಿಮ್ಮ ಮಕ್ಕಳಿಗೆ ಒಳ್ಳೆಯದಾಗುತ್ತದೆ" ಎಂದು ಹೊರಗಿನವರು ಬಂದು ಹೇಳುವುದನ್ನು ಅಲ್ಲಿಯ ಹಿರಿಯರು ತಲೆಮಾರುಗಳಿಂದ ಕೇಳಿದ್ದಾರೆ. ನಾನು ಆ ಸಾಲಿನಲ್ಲಿ ಬಂದ ಇನ್ನೊಬ್ಬ ಎಂಬುದು ನನಗೆ ತಡವಾಗಿ ಅರ್ಥವಾಯಿತು.

ನನ್ನ ಊರು ಉಡುಪಿಯ ಕಡೆ, ಈಗಿನ ಮನೆ ಅರಿಝೋನಾದ ಫೀನಿಕ್ಸ್ ನಗರದಲ್ಲಿ. ಕೆಲಸ ಸಾಫ್ಟ್‌ವೇರ್. ಒಂದು ಸ್ವಯಂಸೇವಾ ಕಾರ್ಯಕ್ರಮದಲ್ಲಿ ಹೆಸರು ಕೊಟ್ಟಿದ್ದೆ. ಅದರ ಕ್ರಮ ಹೀಗೆ: ಮೊದಲ ವರ್ಷ ನಮ್ಮಂಥ ಇಂಜಿನಿಯರುಗಳು ವಾರಕ್ಕೆರಡು ಬೆಳಿಗ್ಗೆ ವಿಡಿಯೊದಲ್ಲಿ ಪಾಠ ಮಾಡುತ್ತೇವೆ, ಶಾಲೆಯ ಟೀಚರ್ ಮಕ್ಕಳ ಜೊತೆ ಕುಳಿತು ತಾವೂ ಕಲಿಯುತ್ತಾರೆ. ಎರಡನೇ ವರ್ಷ ಅರ್ಧರ್ಧ. ಮೂರನೇ ವರ್ಷ ಟೀಚರ್ ಒಬ್ಬರೇ. ಕಾಗದದ ಮೇಲೆ ಚೊಕ್ಕವಾಗಿತ್ತು.

ನನಗೆ ಸಿಕ್ಕಿದ್ದು ಐದು ಗಂಟೆ ದಾರಿಯಾಚೆಯ ಒಂದು ಸಾರ್ವಜನಿಕ ಹೈಸ್ಕೂಲು. ಮಕ್ಕಳೆಲ್ಲ ಹೆಚ್ಚುಕಡಿಮೆ ಡಿನೇ. ಕ್ರೋಮ್‌ಬುಕ್ ಲ್ಯಾಪ್‌ಟಾಪ್‌ಗಳಿದ್ದವು, ಕಂಪ್ಯೂಟರ್ ವಿಜ್ಞಾನ ಇರಲಿಲ್ಲ. ಕಂಪ್ಯೂಟರ್ ಕ್ಲಾಸ್ ಎಂದರೆ ಟೈಪಿಂಗ್. ಹಲವು ಮಕ್ಕಳ ಮನೆಗೆ ನಲ್ಲಿ ನೀರಿಲ್ಲ, ಪಿಕಪ್ ಗಾಡಿಯಲ್ಲಿ ಡ್ರಮ್ಮು ಹೇರಿ ತರಬೇಕು. ಕೆಲವರಿಗೆ ಕರೆಂಟೂ ಇಲ್ಲ. ಇಂಟರ್ನೆಟ್ಟಿನ ಮಾತು ಹೇಳಬೇಕಾಗಿಲ್ಲ. ಮನೆಯಲ್ಲಿ ಮಾಡಿಕೊಂಡು ಬನ್ನಿ ಎನ್ನುವ ಯಾವ ಪಾಠಕ್ರಮವೂ ಅಲ್ಲಿ ನಡೆಯುವಂತಿರಲಿಲ್ಲ.

ಮೊದಲ ಸೋಲು

ಶಾಲೆಯವರು ಮೊದಲು ಆರಿಸಿದ್ದು ಹೊರ ರಾಜ್ಯದಿಂದ ಆಗಷ್ಟೇ ಬಂದಿದ್ದ ತರುಣ ಮೇಷ್ಟ್ರನ್ನು. ಕಾಲೇಜಿನಲ್ಲಿ ಎರಡು ಕೋಡಿಂಗ್ ಕೋರ್ಸ್ ಮಾಡಿದ್ದರು, ಹುಡುಗರ ಜೊತೆ ಚೆನ್ನಾಗಿ ಬೆರೆಯುತ್ತಿದ್ದರು. ನಮಗೆಲ್ಲ ಬಹಳ ಸಮಾಧಾನವಾಗಿತ್ತು. ಡಿಸೆಂಬರ್ ರಜೆಗೆ ಊರಿಗೆ ಹೋದವರು ವಾಪಸು ಬರಲಿಲ್ಲ. ತರಗತಿ ನಿಂತಿತು, 14 ಮಕ್ಕಳು ಬೇರೆ ಪೀರಿಯಡ್‌ಗಳಿಗೆ ಹಂಚಿಹೋದರು. ನಾವು ಅಷ್ಟು ತಿಂಗಳು ಕೊಟ್ಟ ತರಬೇತಿಯೂ ಅವರ ಜೊತೆ ಹೋಯಿತು.

ಮೇಷ್ಟ್ರನ್ನು ನಾನು ದೂರುವುದಿಲ್ಲ. ಒಂಟಿತನ, ದೂರ, ಬಾಡಿಗೆಗೆ ಮನೆ ಸಿಗದಿರುವುದು, ಎಲ್ಲ ಇತ್ತು. ತಪ್ಪಿದ್ದು ಆಯ್ಕೆ. ಯಾರಿಗೆ ಕೋಡಿಂಗ್ ಬರುತ್ತದೆ ಎಂದು ಎಲ್ಲರೂ ಕೇಳಿದ್ದೆವು. ಇನ್ನು ಐದು ವರ್ಷಕ್ಕೂ ಈ ಕೊಠಡಿಯಲ್ಲಿ ಯಾರು ಇರುತ್ತಾರೆ ಎಂದು ಯಾರೂ ಕೇಳಿರಲಿಲ್ಲ.

ಫೆಬ್ರವರಿಯಲ್ಲಿ ಶಾಲೆಯಲ್ಲೊಂದು ಸಭೆ ನಡೆಯಿತು, ನಾನು ಗಾಡಿ ಓಡಿಸಿಕೊಂಡು ಹೋಗಿದ್ದೆ. ಇನ್ನೊಬ್ಬ ಕೋಡಿಂಗ್ ಬಲ್ಲವರನ್ನು ಹುಡುಕುವ ಮಾತು ನಡೆಯುತ್ತಿತ್ತು. ಹಿಂದಿನ ಸಾಲಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಗಣಿತದ ಟೀಚರ್ ತಲೆಯೆತ್ತಿ, "ನಾನು ಎಲ್ಲಿಗೂ ಹೋಗುವವಳಲ್ಲ. ನನಗೆ ಕಲಿಸಿ" ಎಂದರು. ಇಪ್ಪತ್ತು ವರ್ಷದ ಮೇಲೆ ಅಲ್ಲೇ ಪಾಠ ಮಾಡಿದವರು, ಅದೇ ಶಾಲೆಯಲ್ಲಿ ಓದಿದವರು. ಒಂದು ಸಾಲು ಕೋಡ್ ಬರೆದವರಲ್ಲ. ನಮ್ಮ ಕಾರ್ಯಕ್ರಮದ ಅರ್ಜಿಯಲ್ಲಿ ಅವರಿಗೆ ಅಂಕ ಕಡಿಮೆಯೇ ಬೀಳುತ್ತಿತ್ತು. ಪ್ರಿನ್ಸಿಪಾಲರು ಹಿಂದೆಮುಂದೆ ನೋಡದೆ ಹೂಂ ಎಂದರು. ಇಡೀ ಪ್ರಕರಣದ ಅತಿ ದೊಡ್ಡ ತಿರುವು ಇದೇ ಎಂದು ಈಗ ಅನ್ನಿಸುತ್ತದೆ.

ಆ ದಿನ ಪರಿಚಯ ಹೇಳಿಕೊಂಡಾಗ ಅವರು ನನ್ನ ಕಂಪನಿ, ಹುದ್ದೆ ಕೇಳಲಿಲ್ಲ. "ನಿಮ್ಮ ತಾಯಿಯ ಕಡೆಯವರು ಯಾರು?" ಎಂದರು. ಡಿನೇ ಜನ ತಮ್ಮ ಗುರುತನ್ನು ನಾಲ್ಕು ಕುಲಗಳ ಮೂಲಕ ಹೇಳಿಕೊಳ್ಳುತ್ತಾರೆ: ಮೊದಲು ತಾಯಿಯ ಕುಲ, ಆಮೇಲೆ ತಂದೆಯದು, ಆಮೇಲೆ ತಾಯಿಯ ತಂದೆಯದು, ಕೊನೆಗೆ ತಂದೆಯ ತಂದೆಯದು. ಕುಲ ತಾಯಿಯಿಂದ ಬರುತ್ತದೆ, ಒಂದೇ ಕುಲದಲ್ಲಿ ಮದುವೆ ಇಲ್ಲ. ನಮ್ಮ ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಬಳಿ ಕೂಡ ತಾಯಿಯಿಂದಲೇ ಬರುತ್ತದೆ, ಒಂದೇ ಬಳಿಯಲ್ಲಿ ನೆಂಟಸ್ತನ ಮಾಡುವುದಿಲ್ಲ ಎಂದೆ. ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.

ತರಬೇತಿ ಎಂದುಕೊಂಡದ್ದು, ತರಬೇತಿ ಆದದ್ದು

ಬೇಸಿಗೆಯಲ್ಲಿ ನಗರದಲ್ಲಿ ಐದು ದಿನದ ಕಾರ್ಯಾಗಾರ ನಡೆಯಿತು. ದಪ್ಪ ಫೈಲು, ಸ್ಲೈಡುಗಳು, ಗುಂಪು ಆಟಗಳು. ಟೀಚರ್ ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡರು. ಮರಳುವಾಗ ಹೇಳಿದ್ದು ಒಂದೇ ಮಾತು: "ಅಲ್ಲಿ ಎಲ್ಲರೂ ಗಟ್ಟಿಯಾಗಿ ತಪ್ಪು ಮಾಡುತ್ತಾರೆ. ನಮ್ಮ ಮಕ್ಕಳು ಮೊದಲು ನೋಡುತ್ತಾರೆ."

ಆಗಸ್ಟ್‌ನಲ್ಲಿ ತರಗತಿ ಶುರುವಾದ ದಿನವೇ ನಾನು ಒಂದು ಗಂಟೆ ತಡ. ಅರಿಝೋನಾದಲ್ಲಿ ಬೇಸಿಗೆಗೆ ಗಡಿಯಾರ ಮುಂದಿಡುವ ಪದ್ಧತಿಯಿಲ್ಲ. ನವಾಹೊ ರಾಷ್ಟ್ರ ಮಾತ್ರ ಇಡುತ್ತದೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಲ್ಲಿ 8 ಗಂಟೆಯಾದಾಗ ಫೀನಿಕ್ಸ್‌ನಲ್ಲಿ 7. ಇದು ಗುಟ್ಟೇನಲ್ಲ, ಹಿಂದಿನ ವರ್ಷ ಆ ಮೇಷ್ಟ್ರು ನನಗೆ ಜ್ಞಾಪಿಸುತ್ತಿದ್ದರು, ನಾನು ನನ್ನ ಕ್ಯಾಲೆಂಡರಿನಲ್ಲಿ ತಿದ್ದಿಕೊಂಡಿರಲಿಲ್ಲ. 20 ಮಕ್ಕಳು ಖಾಲಿ ಪರದೆ ನೋಡುತ್ತ ಕುಳಿತರು. ಟೀಚರ್ ಅವತ್ತು ಕಂಪ್ಯೂಟರ್ ಮುಚ್ಚಿಸಿ, ರೊಟ್ಟಿಗೆ ಹಿಟ್ಟು ನಾದುವ ಕ್ರಮವನ್ನು ಒಂದೊಂದೇ ಹೆಜ್ಜೆಯಾಗಿ ಬರೆಸಿದ್ದರು. ಆಮೇಲೆ ಯೋಚಿಸಿದರೆ, ಆ ವರ್ಷದ ಮೊದಲ ಅಲ್ಗಾರಿದಮ್ ಪಾಠ ನಾನಿಲ್ಲದೆಯೇ ಆಗಿತ್ತು, ಚೆನ್ನಾಗಿಯೇ ಆಗಿತ್ತು.

ಮುಂದಿನ ವಾರಗಳಲ್ಲಿ ನನ್ನನ್ನು ಕಾಡಿದ್ದು ಮೌನ. ಪ್ರಶ್ನೆ ಕೇಳಿದರೆ ಉತ್ತರವಿಲ್ಲ. ಮೂರು ಸೆಕೆಂಡು ಕಾದು ನಾನೇ ಉತ್ತರ ಹೇಳಿಬಿಡುತ್ತಿದ್ದೆ. ಮಕ್ಕಳಿಗೆ ತಿಳಿದಿಲ್ಲ ಎಂದುಕೊಂಡು ಪಾಠವನ್ನು ಇನ್ನೂ ಸುಲಭ ಮಾಡಿದೆ. ಇಬ್ಬರು ಹುಡುಗಿಯರು ಕೋರ್ಸ್ ಬಿಟ್ಟರು. ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ ಟೀಚರ್ ಫೋನ್ ಮಾಡಿದರು. "ನೀವು ಉತ್ತರ ಬೇಗ ಹೇಳುತ್ತೀರಿ. ಅವರು ಸರಿಯಾಗಿ ಹೇಳಬೇಕೆಂದು ಯೋಚಿಸುತ್ತಿರುತ್ತಾರೆ, ಅಷ್ಟರಲ್ಲಿ ನೀವು ಮುಗಿಸಿರುತ್ತೀರಿ. ಎರಡು ವಾರ ಕ್ಯಾಮೆರಾ ಆರಿಸಿ ಕುಳಿತುಕೊಳ್ಳಿ. ನನಗೆ ಗೊತ್ತಾಗದ್ದಿದ್ದರೆ ಚಾಟ್‌ನಲ್ಲಿ ನನಗೊಬ್ಬಳಿಗೇ ಬರೆಯಿರಿ."

ಮೊದಲ ವರ್ಷ ಇಂಜಿನಿಯರೇ ಪಾಠ ಮಾಡಬೇಕು ಎಂಬ ಕಾರ್ಯಕ್ರಮದ ನಿಯಮ ಅಲ್ಲಿಗೆ ಮುರಿಯಿತು. ನನಗೆ ಮುಖ ಸಣ್ಣದಾಯಿತು ನಿಜ, ಆದರೂ ಒಪ್ಪಿದೆ. ಆ ಎರಡು ವಾರದಲ್ಲಿ ನಾನು ಕಂಡದ್ದು ಇದು: ಹತ್ತು ಸಾಲಿನ ಒಂದು ಚಿತ್ರ ಬಿಡಿಸುವ ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡು, ಒಂಬತ್ತೇ ಸಾಲು ಬಿಡಿಸುತ್ತಿತ್ತು. 1ರಿಂದ 10 ಎಂದು ಬರೆದರೆ 9ಕ್ಕೆ ನಿಲ್ಲುವ, ಎಲ್ಲ ಹೊಸಬರೂ ಎಡವುವ ಜಾಗ. ಟೀಚರಿಗೂ ಕಾರಣ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದರು. ಬೋರ್ಡಿನ ಮುಂದೆ ಸುಮ್ಮನೆ ನಿಂತರು. ನಾನು ಚಾಟ್‌ನಲ್ಲಿ ಉತ್ತರ ಟೈಪ್ ಮಾಡಿ, ಕಳಿಸದೆ ಅಳಿಸಿದೆ. ಬಹಳ ಹೊತ್ತಿನ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು ಬೆರಳಿನಲ್ಲಿ ಎಣಿಸಿ ತೋರಿಸಿದ. ಆ ವರ್ಷ ಅವನ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು.

ಅಂದಿನಿಂದ ನಿಜವಾದ ತರಬೇತಿ ಭಾನುವಾರ ಸಂಜೆಯ ಫೋನಿಗೆ ಸರಿಯಿತು. ವಾರದ ಲೆಕ್ಕಗಳನ್ನು ಟೀಚರ್ ಮೊದಲು ತಾವೇ ಮಾಡುತ್ತಿದ್ದರು, ಎಲ್ಲಿ ಸಿಕ್ಕಿಕೊಂಡರೋ ಅದನ್ನೇ ಮಾತಾಡುತ್ತಿದ್ದೆವು. ಅವರು ಎಡವಿದ ಜಾಗದಲ್ಲೇ ಮಕ್ಕಳೂ ಎಡವುತ್ತಿದ್ದರು, ಆದ್ದರಿಂದ ಆ ಎಡವು ಅವರ ಪಾಠದ ಟಿಪ್ಪಣಿಯಾಗುತ್ತಿತ್ತು. ತರಗತಿಯಲ್ಲಿ ನಾನು ಕಾಣಿಸಿಕೊಳ್ಳುವುದು ತಿಂಗಳಿಗೊಮ್ಮೆಗೆ ಇಳಿಯಿತು.

ಕತೆ, ಹಾವು, ಕಂಬಳಿ

ಅಕ್ಟೋಬರ್‌ಗೆ ಅನಿಮೇಶನ್ ಪಾಠ ಬಂತು. ಮಕ್ಕಳ ಸಂಸ್ಕೃತಿಗೆ ಹತ್ತಿರವಾಗಲಿ ಎಂದು ಉತ್ಸಾಹದಿಂದ ಸ್ಲೈಡು ಮಾಡಿದ್ದೆ: ನಿಮ್ಮ ಅಜ್ಜಿ ಹೇಳಿದ ಕಯೋಟಿಯ ಕತೆಯನ್ನು ಅನಿಮೇಶನ್ ಮಾಡಿ. ಕಯೋಟಿ ಅಲ್ಲಿಯ ತೋಳದ ಜಾತಿಯ ಪ್ರಾಣಿ, ಅವರ ಕತೆಗಳ ಕಿಲಾಡಿ. ಟೀಚರ್ ಸ್ಲೈಡು ಕಂಡೊಡನೆ ಪ್ರೊಜೆಕ್ಟರ್ ಆರಿಸಿ ಬೇರೆ ಕೆಲಸ ಕೊಟ್ಟರು. ಆಮೇಲೆ ಹೇಳಿದರು: ಆ ಕತೆಗಳು ಚಳಿಗಾಲದವು. ಹಾವು, ಕರಡಿ ಮಲಗಿದ ಮೇಲೆ ಹೇಳಬೇಕು, ವಸಂತದ ಮೊದಲ ಗುಡುಗಿಗೆ ನಿಲ್ಲಿಸಬೇಕು. ದಾರದಲ್ಲಿ ಬೆರಳಾಟವಾಡಿ ಆಕಾರ ಮಾಡುವುದಕ್ಕೂ ಅದೇ ಕಾಲ.

ಇದು ನನಗೆ ಹೊಳೆಯಬೇಕಿತ್ತು. ಮಳೆಗಾಲ ಹತ್ತಿರವಾದಾಗ ಬರುವ ಪತ್ತನಾಜೆಯ ದಿನ ಕಳೆದ ಮೇಲೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ, ದೈವಗಳ ಕೋಲ ನೇಮಗಳು ನಿಲ್ಲುವ ಊರಿನಿಂದ ಬಂದವನು ನಾನು. ಯಾವುದಕ್ಕೂ ಒಂದು ಕಾಲವಿದೆ ಎಂಬುದು ನನಗೆ ಪುಸ್ತಕದಿಂದ ಕಲಿಯಬೇಕಾದ ಸಂಗತಿಯಲ್ಲ. ಆದರೂ ಬೇರೆಯವರ ಕತೆಯನ್ನು ಕಂಡಾಗ ನಾನು ಅದನ್ನು ಯಾವಾಗ ಬೇಕಾದರೂ ಎತ್ತಿಕೊಳ್ಳಬಹುದಾದ ಪಾಠದ ಸಾಮಗ್ರಿ ಎಂದುಕೊಂಡಿದ್ದೆ. ಟೀಚರ್ ಆ ಪಾಠವನ್ನು ಕಿತ್ತುಹಾಕಲಿಲ್ಲ. ವರ್ಷದ ಯೋಜನೆಯ ಹಾಳೆ ತೆಗೆದು ಅದನ್ನು ಡಿಸೆಂಬರ್‌ಗೆ ಸರಿಸಿ, ಪಕ್ಕದಲ್ಲಿ ತಾರೀಖಿನ ಬದಲು "ಹಿಮ ಬಿದ್ದ ಮೇಲೆ" ಎಂದು ಬರೆದರು.

ಸಾಮ್ಯ ಕಂಡಿತೆಂದು ನೆಚ್ಚಿಕೊಳ್ಳುವುದೂ ಅಪಾಯ. ನಮ್ಮಲ್ಲಿ ನಾಗನ ಕಲ್ಲಿಗೆ ತನು ಎರೆಯುತ್ತೇವೆ. ಅಲ್ಲಿ ಹಲವು ಮನೆಗಳಲ್ಲಿ ಹಾವಿನ ಚಿತ್ರವನ್ನೂ ನೋಡಬಾರದು. ನಾವು ಕಲಿಸುತ್ತಿದ್ದ ಪೈಥಾನ್ ಎಂಬ ಕೋಡಿಂಗ್ ಭಾಷೆಯ ಜೋಡಿ ಹಾವಿನ ಲಾಂಛನ ಪ್ರತಿ ಸ್ಲೈಡಿನ ಮೂಲೆಯಲ್ಲಿತ್ತು. ಟೀಚರ್ ಕೂತು ಒಂದೊಂದನ್ನೇ ಅಳಿಸಿದರು. ನಾನು ಕೇಳಿದ್ದಿದ್ದರೆ ಅವರ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಹೆಚ್ಚು ದೂರ ಹೋದ ಪಾಠವೆಂದರೆ ನೇಯ್ಗೆ. ನವಾಹೊ ಕಂಬಳಿಯ ವಿನ್ಯಾಸಗಳನ್ನು ಗ್ರಾಫ್ ಹಾಳೆಯ ಮೇಲೆ ಎಂಬಂತೆ ಬಿಡಿಸುವ ಉಚಿತ ತಂತ್ರಾಂಶಗಳಿವೆ. ಕಾರ್ಯಾಗಾರದಲ್ಲಿ ಅದನ್ನು ತೋರಿಸಿದವರು "ನಿಮ್ಮ ಜನ ನೇಕಾರರು, ಕೋಡಿಂಗ್ ನಿಮಗೆ ರಕ್ತದಲ್ಲೇ ಇದೆ" ಎಂದಿದ್ದರು. ಅದು ಹೊಗಳಿಕೆ ಎಂದೇ ನಾನೂ ತಿಳಿದಿದ್ದೆ. ಟೀಚರ್ ನನಗೆ ನವಾಹೊ ನಾಡಿನ ಶಿಪ್‌ರಾಕ್ ಎಂಬ ಊರಿನ ಕತೆ ಹೇಳಿದರು. 1965ರಿಂದ 1975ರವರೆಗೆ ಫೇರ್‌ಚೈಲ್ಡ್ ಕಂಪನಿ ಅಲ್ಲಿ ಚಿಪ್ ಜೋಡಿಸುವ ಕಾರ್ಖಾನೆ ನಡೆಸಿತ್ತು. ಒಂದು ಹೊತ್ತಿಗೆ ಅಲ್ಲಿ ಸಾವಿರದಷ್ಟು ನವಾಹೊ ಕೆಲಸಗಾರರಿದ್ದರು, ಬಹುಪಾಲು ಹೆಂಗಸರು. 1969ರಲ್ಲಿ ಕಂಪನಿ ಹೊರತಂದ ಕಿರುಹೊತ್ತಿಗೆಯಲ್ಲಿ ಕಂಬಳಿಯ ವಿನ್ಯಾಸವನ್ನೂ ಚಿಪ್ಪಿನ ವಿನ್ಯಾಸವನ್ನೂ ಹೋಲಿಸಲಾಗಿತ್ತು. ಟೀಚರ್ ಅವರ ಬಂಧುವೊಬ್ಬರು ಆ ಕಾರ್ಖಾನೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೆಲಸ ಮಾಡಿದವರು. "ಕೈ ನಮ್ಮದಿತ್ತು, ನಕ್ಷೆ ಬೇರೆಯವರದು. ನನ್ನ ಮಕ್ಕಳಿಗೆ ಕೈ ಚುರುಕು ಎಂದು ಹೇಳಬೇಡಿ. ನಕ್ಷೆ ಮಾಡಲು ಕಲಿಸೋಣ."

ಪಾಠವನ್ನು ಅವರು ಮತ್ತೆ ಕಟ್ಟಿದರು. ತಂತ್ರಾಂಶದಲ್ಲಿದ್ದ ಸಿದ್ಧ ಮಾದರಿಗಳನ್ನು ಬದಿಗಿಟ್ಟರು. ಪೂಜಾವಿಧಿಗೆ ಸೇರಿದ ಆಕೃತಿಗಳು, ಮರಳಿನಲ್ಲಿ ಬರೆದು ವಿಧಿ ಮುಗಿದ ಮೇಲೆ ಅಳಿಸಿಬಿಡುವ ಚಿತ್ರಗಳು ಪರದೆಯ ಮೇಲೆ ಬರಕೂಡದು ಎಂದು ಮೊದಲೇ ಹೇಳಿದರು. ಗೋಡೆಗೆ ಒಂದು ಚಿತ್ರ ಅಂಟಿಸಿದರು: ಮರಿಲೂ ಶುಲ್ಟ್ಸ್ ಎಂಬ ಡಿನೇ ನೇಕಾರ್ತಿ 1994ರಲ್ಲಿ ಇಂಟೆಲ್ ಕೇಳಿಕೊಂಡದ್ದಕ್ಕೆ ಪೆಂಟಿಯಂ ಚಿಪ್ಪಿನ ನಕ್ಷೆಯನ್ನು ಉಣ್ಣೆಯಲ್ಲಿ ನೇಯ್ದ ಕಂಬಳಿ. ಶುಲ್ಟ್ಸ್ ಗಣಿತ ಪಾಠ ಮಾಡಿದವರು ಎಂಬುದನ್ನು ಟೀಚರ್ ಎರಡು ಸಲ ಹೇಳಿದರು. ಆಮೇಲೆ ಮಕ್ಕಳು ಸ್ವಂತ ವಿನ್ಯಾಸಗಳನ್ನು ಮಾಡಿದರು. ಅಲ್ಲಿಯ ನಿಲುಮಗ್ಗದಲ್ಲಿ ಕೆಳಗಿನಿಂದ ಮೇಲಕ್ಕೆ, ಹಾಸಿನ ಎಳೆ ಎಣಿಸುತ್ತ ನೇಯುತ್ತಾರೆ. ಮಕ್ಕಳ ಲೂಪ್‌ಗಳೂ ಕೆಳಗಿನಿಂದಲೇ ಹತ್ತಿದವು.

ಒಬ್ಬ ಹುಡುಗಿಯ ಅಂಚು ನಾಲ್ಕೂ ಕಡೆ ಸರಿಯಾಗಿ ಬಂದಿತ್ತು, ಆದರೆ ಅವಳಿಗೆ ಸಮಾಧಾನವಿಲ್ಲ. ಅಂಚು ಕಟ್ಟಿದ ಕಂಬಳಿಗಳಲ್ಲಿ ನೇಕಾರರು ಒಳಗಿನಿಂದ ಹೊರ ಅಂಚಿನವರೆಗೆ ಬೇರೆ ಬಣ್ಣದ ಒಂದು ತೆಳು ಗೆರೆ ಬಿಡುವುದುಂಟು, ನೇಯ್ದವಳ ಮನಸ್ಸು ಒಳಗೇ ಸಿಕ್ಕಿಕೊಳ್ಳದೆ ಹೊರಬರಲೆಂದು. ಅವಳ ಲೂಪ್ ಎಲ್ಲ ಕಡೆ ಒಂದೇ ಬಣ್ಣ ತುಂಬುತ್ತಿತ್ತು. ದಾರಿ ಹೇಗೆ ಬಿಡುವುದು? ಆ ಸಾಲಿಗೆ ಬಂದಾಗ ಮಾತ್ರ ಬೇರೆ ಮಾಡು ಎಂದು ಹೇಳಬೇಕು, ಅಂದರೆ ಲೂಪಿನೊಳಗೆ ಒಂದು ಷರತ್ತು ಬೇಕು. ಇಫ್ ಎಂಬುದನ್ನು ಆ ತರಗತಿ ಕಲಿತದ್ದು ಹೀಗೆ, ಪಾಠಕ್ರಮಕ್ಕಿಂತ ಮೂರು ವಾರ ಮೊದಲು.

ಎರಡು ಕಠಿಣ ತೀರ್ಮಾನ

ಜಿಲ್ಲಾ ಕಚೇರಿಗೆ ಎಪಿ ಬೇಕಿತ್ತು. ಎಪಿ ಎಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಕೋರ್ಸ್. ಅದರಲ್ಲಿ ಕಂಪ್ಯೂಟರ್ ಸೈನ್ಸ್ ಪ್ರಿನ್ಸಿಪಲ್ಸ್ ಎಂಬುದು 2016-17ರಲ್ಲಿ ಶುರುವಾಯಿತು. ನಮ್ಮ ಕಾರ್ಯಕ್ರಮಕ್ಕೂ ಎಪಿ ಎಂದರೆ ಹೆಮ್ಮೆ. ಟೀಚರ್ ಮೊದಲ ವರ್ಷ ಬೇಡ ಎಂದರು. "ನಾನು ಕಲಿಯುತ್ತಿರುವ ವರ್ಷದಲ್ಲಿ ಮಕ್ಕಳಿಗೆ ಪರೀಕ್ಷೆಯ ಸೋಲು ಕೊಡುವುದಿಲ್ಲ" ಎಂದು ಪ್ರಿನ್ಸಿಪಾಲರಿಗೆ ಬರೆದುಕೊಟ್ಟರು. ಪರಿಚಯದ ಕೋರ್ಸ್ ಮಾತ್ರ ನಡೆಯಿತು. ನಾನು ಆಗ ಮನಸ್ಸಿನಲ್ಲಿ ಒಪ್ಪಿರಲಿಲ್ಲ. ಒಂದು ವರ್ಷ ಹೋಯಿತಲ್ಲ ಎನಿಸಿತ್ತು. ಎರಡನೇ ವರ್ಷ ಪರಿಚಯದ ಕೋರ್ಸ್ ಮುಗಿಸಿದ 9 ಮಕ್ಕಳು ಎಪಿ ಬರೆದರು. ಪಾಸಾದವರು ಅರ್ಧಕ್ಕಿಂತ ಕಡಿಮೆ, ಆದರೆ 9 ಮಕ್ಕಳೂ ಸ್ವಂತ ಪ್ರೋಗ್ರಾಂ ಬರೆದು ಕಳಿಸಿದ್ದರು. ಕೋರ್ಸ್ ನಡುವೆ ಬಿಟ್ಟವರು ಯಾರೂ ಇರಲಿಲ್ಲ.

ಇನ್ನೊಂದು ಡೇಟಾ ಪಾಠದ್ದು. ಇಬ್ಬರ ನಾಲ್ಕು ನಾಲ್ಕು ಕುಲ ಕೊಟ್ಟರೆ ಅವರು ಪರಸ್ಪರ ಏನಾಗಬೇಕು ಎಂದು ಹೇಳುವ ಪ್ರೋಗ್ರಾಂ ಮಾಡಬೇಕು ಎಂಬ ಆಸೆ ಮಕ್ಕಳದೇ. ಎಲ್ಲರ ಕುಲವನ್ನು ಒಂದು ಆನ್‌ಲೈನ್ ಹಾಳೆಗೆ ತುಂಬಿಸೋಣ ಎಂದೆ. ಟೀಚರ್ ತಡೆದರು. ನವಾಹೊ ರಾಷ್ಟ್ರ 2002ರಲ್ಲಿ ತನ್ನ ಜನರ ಮೇಲಿನ ವಂಶವಾಹಿ ಸಂಶೋಧನೆಯನ್ನೇ ನಿಲ್ಲಿಸಿತ್ತು. ಒಂದು ಕಾರಣಕ್ಕೆ ಕೊಟ್ಟ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಅಲ್ಲಿ ಮನೆಮಾತು. ಆ ಕಾರಣವನ್ನು ತರಗತಿಯಲ್ಲೇ ಚರ್ಚಿಸಿದರು. ಕೊನೆಗೆ ಮಕ್ಕಳು ಕಲ್ಪಿತ ಕುಲದ ಹೆಸರುಗಳನ್ನಿಟ್ಟು, ಇಂಟರ್ನೆಟ್ ಇಲ್ಲದ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಓಡಿಸಿದರು. ಡೇಟಾ ಯಾರದು ಎಂಬ ಅಧ್ಯಾಯಕ್ಕೆ ಬೇರೆ ಪಾಠ ಮಾಡಬೇಕಾಗಲಿಲ್ಲ.

ಆದದ್ದು, ಆಗದ್ದು

ಮೂರನೇ ವರ್ಷ ಟೀಚರ್ ಒಬ್ಬರೇ ತರಗತಿ ನಡೆಸಿದರು. ಪಕ್ಕದ ಮಿಡ್ಲ್ ಸ್ಕೂಲಿನ ಇನ್ನೊಬ್ಬ ಟೀಚರಿಗೆ ಕಲಿಸಲು ತೊಡಗಿದರು. ಅವರಿಬ್ಬರ ಭಾನುವಾರದ ಫೋನಿನಲ್ಲಿ ನಾನಿಲ್ಲ. ಆ ಎರಡನೆಯವರ ತರಗತಿ ವರ್ಷದ ನಡುವೆ ನಿಂತಿತು. ಬದಲಿ ಟೀಚರ್ ಸಿಗದೆ ಅವರನ್ನು ಬೇರೆ ವಿಷಯಕ್ಕೆ ಹಾಕಿದರು. ನಮ್ಮ ಟೀಚರಿಗೂ ಗಣಿತದ ಐದು ಪೀರಿಯಡ್ ಹಾಗೇ ಇದೆ, ಇದು ಆರನೆಯದು. ಹೆಚ್ಚಿನ ಸಂಬಳವಿಲ್ಲ. ದೂರದ ಬಸ್ಸಿನ ಮಕ್ಕಳು ಸಂಜೆಯ ಲ್ಯಾಬಿಗೆ ಇನ್ನೂ ಉಳಿಯಲಾರರು. ಇವು ಯಾವುದೂ ಒಳ್ಳೆಯ ತರಬೇತಿಯಿಂದ ಪರಿಹಾರವಾಗುವಂಥವಲ್ಲ, ದುಡ್ಡು ಕೊಡುವವರು ಇದನ್ನು ಕೇಳಿಸಿಕೊಳ್ಳಬೇಕು.

ಊರಿನಲ್ಲಿ ಇಂಥ ಕೆಲಸಕ್ಕೆ ಹೊರಟ ಗೆಳೆಯರಿಗೆ ನಾನು ಈಗ ಹೇಳುವುದು ಇಷ್ಟು: ಶಾಲೆಗೆ ಹೋದಾಗ ಕಂಪ್ಯೂಟರ್ ಎಷ್ಟಿವೆ ಎಂದು ಎಣಿಸುವ ಮೊದಲು, ಯಾವ ಟೀಚರ್ ಆ ಊರಿನವರು, ಯಾರ ಮಾತಿಗೆ ಮಕ್ಕಳ ಮನೆಯವರು ಬೆಲೆ ಕೊಡುತ್ತಾರೆ ಎಂದು ಕೇಳಿ. ಅವರಿಗೆ ಕೋಡಿಂಗ್ ಬಾರದಿದ್ದರೆ ಬೇಸರ ಬೇಡ. ಒಂದು ವರ್ಷದಲ್ಲಿ ಬರುತ್ತದೆ. ನೀವು ಒಯ್ದ ಪಾಠವನ್ನು ಅವರು ತಡೆಯುವ ದಿನ ಬರುತ್ತದೆ. ನನ್ನ ಅನುಭವದಲ್ಲಿ ತರಬೇತಿ ಹಿಡಿಯಿತು ಎಂದು ಗೊತ್ತಾದದ್ದು ಪ್ರೊಜೆಕ್ಟರ್ ಆರಿದ ಆ ಅಕ್ಟೋಬರ್ ಬೆಳಿಗ್ಗೆ. ಆಗ ಅದು ನನಗೆ ಅವಮಾನದಂತೆ ಕಂಡಿತ್ತು.

ಮೂರನೇ ವರ್ಷದ ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ 8 ಗಂಟೆಗೆ ಟೀಚರಿಂದ ಫೋಟೊ ಬಂತು. ಚಳಿಗಾಲದಲ್ಲಿ ಅವರ ಗಡಿಯಾರ, ನನ್ನ ಗಡಿಯಾರ ಒಂದೇ. ಶಾಲೆಯ ಅಂಗಳದ ಕೆಂಪು ಮಣ್ಣಿನ ಮೇಲೆ ತೆಳುವಾಗಿ ಹಿಮ ಬಿದ್ದಿತ್ತು, ಬಾಗಿಲ ತನಕ ಮಕ್ಕಳ ಹೆಜ್ಜೆಗುರುತು. ಕೆಳಗೆ ಒಂದೇ ಸಾಲು: "ಇವತ್ತು ಕಯೋಟಿ ಶುರು ಮಾಡುತ್ತೇವೆ."